ಕರುಳು ತೊಳೆಯುವ ಪುಡಿ ಮತ್ತು ನನ್ನ ಒಂದು ತಪ್ಪು

(ಚಾಮರಾಜನಗರದಲ್ಲಿ ಒಂದು ಜುಮಾ, ಗುಂಡ್ಲುಪೇಟೆಯಲ್ಲಿ ಮತ್ತೊಂದು ಜುಮಾ, ಖುತ್ಬಾಕ್ಕೆ ಮುಂಚೆ ಮಾಡಿದ ಬಯಾನ್‌ಗಳನ್ನು ಸೇರಿಸಿ ಬರೆದ ಸಾರ)

 

ಇವತ್ತಿನ ಮಾತು ಹೊಟ್ಟೆಯ ವಿಚಾರ, ಕರುಳಿನ ವಿಚಾರ. ಮಸೀದಿಯಲ್ಲಿ ಕೂತು ಮಲ, ಭೇದಿ ಎಂದೆಲ್ಲ ಹೇಳುತ್ತಾರಲ್ಲ ಎಂದು ಯಾರಿಗಾದರೂ ಮುಜುಗರವಾದರೆ ಒಂದು ಸಂಗತಿ ನೆನಪು ಮಾಡಿಕೊಳ್ಳಿ. ನಿಮ್ಮ ಪ್ರವಾದಿ ನಿಮಗೆ ಶೌಚಕ್ಕೆ ಹೋಗುವುದನ್ನೂ ಕಲಿಸುತ್ತಾರಂತಲ್ಲ ಎಂದು ಹಝ್ರತ್ ಸಲ್ಮಾನ್ ಫಾರಿಸಿಯವರನ್ನು(ರ) ಕೆಲವರು ಹಂಗಿಸಿದಾಗ ಅವರು ತಲೆ ತಗ್ಗಿಸಲಿಲ್ಲ. ಹೌದು ಎಂದು ಒಪ್ಪಿ, ಏನೇನು ಕಲಿಸಿದ್ದಾರೆ ಎಂಬುದನ್ನೂ ವಿವರಿಸಿದರು. ಸಹೀಹ್ ಮುಸ್ಲಿಮ್‌ನಲ್ಲಿ ಇದು ಇದೆ.

ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ಅದನ್ನು ಹೇಳದೆ ಉಳಿದದ್ದನ್ನು ಹೇಳಲು ನನಗೆ ಹಕ್ಕಿಲ್ಲ.

ಕಳೆದ ವರ್ಷ ಮಳೆಗಾಲ ಶುರುವಾಗುವ ಹೊತ್ತಿಗೆ ನನ್ನ ಫೋನಿಗೆ ಒಂದು ಸಂದೇಶ ಬಂತು. ಮೇಲೆ ಮದೀನಾದ ಹಸಿರು ಗುಮ್ಮಟದ ಚಿತ್ರ, ಅದರ ಕೆಳಗೆ ಒಂದು ಸಾಲು ಅರಬ್ಬಿ. ಎಲ್ಲ ಕಾಯಿಲೆಯೂ ಕರುಳಿನಿಂದಲೇ ಹುಟ್ಟುತ್ತದೆ, ಕರುಳಿನಲ್ಲಿ ವರ್ಷಗಳ ಕೊಳೆ ಕೂತಿರುತ್ತದೆ, ಈ ಪುಡಿಯನ್ನು 40 ದಿನ ತೆಗೆದುಕೊಂಡರೆ ಕೊಳೆಯೆಲ್ಲ ಹೋಗಿ ಶುಗರ್, ಬಿ.ಪಿ., ಮಂಡಿ ನೋವು, ಉರಿಯೂತ ಎಲ್ಲವೂ ವಾಸಿ, ಆಮೇಲೆ ಇಂಗ್ಲಿಷ್ ಗುಳಿಗೆ ಬೇಕಿಲ್ಲ ಎಂದು ಅದರಲ್ಲಿತ್ತು. ಕೊನೆಯಲ್ಲಿ ಹದೀಸ್ ಎಂದು ಒಂದು ಮಾತು. ನಾನು ಓದಿದೆ, ಒಳ್ಳೆಯದೇ ಇರಬೇಕು ಅಂದುಕೊಂಡೆ, ಜಮಾಅತಿನ ಗ್ರೂಪಿಗೆ ಹಾಕಿದೆ. ನನ್ನದೊಂದು ಮಾತನ್ನೂ ಸೇರಿಸಲಿಲ್ಲ. ಬೆರಳು ತಾಗಿಸಿದ್ದಷ್ಟೇ ನನ್ನ ಕೆಲಸ.

ಗ್ರೂಪಿನಲ್ಲಿ ನಮ್ಮ ಒಬ್ಬ ಚಾಚಾ ಇದ್ದರು. ಈರುಳ್ಳಿ ವ್ಯಾಪಾರ ಮಾಡಿಕೊಂಡಿದ್ದವರು, ವಯಸ್ಸು ಅರವತ್ತು ದಾಟಿದೆ, ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಅವರು ಆ ಪುಡಿ ತರಿಸಿದರು. ಮನೆಯವರು ಬೇಡ ಅಂದಾಗ, ಹಜರತ್ ಅವರೇ ಕಳಿಸಿದ್ದಾರೆ ಅಂದ ಮೇಲೆ ಇನ್ನೇನು ಅಂದರಂತೆ. ಶುಗರಿನ ಗುಳಿಗೆ ನಿಲ್ಲಿಸಿದರು. ಪುಡಿಯಲ್ಲಿ ಇದ್ದದ್ದು ಭೇದಿಯ ಔಷಧಿ. ದಿನಕ್ಕೆ ನಾಲ್ಕೈದು ಸಲ ಹೋಗುತ್ತಿತ್ತು. ಕೊಳೆ ಹೋಗುತ್ತಿದೆ ಎಂದೇ ಅವರು ಸಂತೋಷಪಟ್ಟರು. 40 ದಿನ ಮುಗಿದ ಮೇಲೂ ಬಿಡಲಿಲ್ಲ. ಮೂರನೇ ತಿಂಗಳು ಚಪ್ಪಲಿ ಕಚ್ಚಿ ಕಾಲಿನಲ್ಲಿ ಸಣ್ಣ ಗಾಯ. ಸಕ್ಕರೆಯಿಂದ ಪಾದ ಮರಗಟ್ಟಿದ್ದರಿಂದ ನೋವು ಗೊತ್ತಾಗಲಿಲ್ಲ. ವಾಸನೆ ಬಂದಾಗ ಮಗಳು ನೋಡಿದ್ದು. ಮೈಸೂರಿಗೆ ಕರೆದುಕೊಂಡು ಹೋದರು. ಎರಡು ಬೆರಳು ತೆಗೆಯಬೇಕಾಯಿತು.

ನೋಡಲು ಹೋದೆ. ಚಾಚಾ ನನ್ನ ಕೈ ಹಿಡಿದುಕೊಂಡು, ನೀವೇನು ಮಾಡ್ತೀರಿ ಹಜರತ್, ತಕ್ದೀರ್ ಅಂದರು. ಮಗಳು ಚಹಾ ತಂದು ಸ್ಟೂಲಿನ ಮೇಲಿಟ್ಟು, ನನ್ನ ಮುಖ ನೋಡದೆ ಒಳಗೆ ಹೋದಳು. ತಕ್ದೀರ್ ಎಂಬ ಮಾತಿನ ಹಿಂದೆ ನಾನು ಅಡಗಿಕೊಳ್ಳುವ ಹಾಗಿರಲಿಲ್ಲ. ಇದನ್ನೆಲ್ಲ ಹೇಳಲು ಅವರ ಒಪ್ಪಿಗೆ ಕೇಳಿಯೇ ಹೇಳುತ್ತಿದ್ದೇನೆ.

ವೈದ್ಯ ತಿಳಿಯದೆ ವೈದ್ಯ ಮಾಡಿದವನು ಅದರಿಂದಾದ ನಷ್ಟಕ್ಕೆ ಹೊಣೆಗಾರನೆಂಬ ಅರ್ಥದ ಹದೀಸ್ ಅಬೂ ದಾವೂದ್‌ನಲ್ಲಿದೆ, ಇಬ್ನು ಮಾಜಾದಲ್ಲಿದೆ. ಮದರಸಾದಲ್ಲಿ ಅದನ್ನು ಓದಿದ್ದೆ. ಅದು ಹಳ್ಳಿಯ ನಾಟಿ ವೈದ್ಯರ ಬಗ್ಗೆ ಅಂದುಕೊಂಡಿದ್ದೆ. ಇನ್ನೊಂದು ಘಟನೆಯೂ ಹದೀಸಿನಲ್ಲಿದೆ. ಪ್ರಯಾಣದಲ್ಲಿ ಒಬ್ಬರ ತಲೆಗೆ ಕಲ್ಲು ತಗುಲಿ ಗಾಯವಾಗಿತ್ತು. ರಾತ್ರಿ ಅವರಿಗೆ ಸ್ನಾನ ಕಡ್ಡಾಯವಾಯಿತು. ತಯಮ್ಮುಮ್ ಸಾಕೇ ಎಂದು ಜೊತೆಗಿದ್ದವರನ್ನು ಕೇಳಿದರು. ನೀರು ಸಿಗುತ್ತಿರುವಾಗ ನಿನಗೆ ರಿಯಾಯಿತಿ ಇಲ್ಲ ಎಂದು ಅವರು ಹೇಳಿದರು. ಆತ ಸ್ನಾನ ಮಾಡಿ ತೀರಿಕೊಂಡರು. ಸುದ್ದಿ ತಿಳಿದಾಗ ಪ್ರವಾದಿಯವರು(ಸ) ಕೋಪಗೊಂಡು, ಅವನನ್ನು ಇವರೇ ಕೊಂದರು, ಗೊತ್ತಿಲ್ಲದಿದ್ದರೆ ಕೇಳಬಾರದಿತ್ತೇ ಎಂಬರ್ಥದ ಮಾತನಾಡಿದರು. ಆ ಸಂಗಾತಿಗಳು ಕೆಟ್ಟ ಉದ್ದೇಶದಿಂದ ಹೇಳಿದವರಲ್ಲ. ದೀನಿನ ಮಾತು ಎಂದೇ ಹೇಳಿದರು. ಆದರೂ ಒಂದು ಜೀವ ಹೋಯಿತು.

ಇನ್ನು ಆ ಸಂದೇಶದಲ್ಲಿ ಹದೀಸ್ ಎಂದು ಬರೆದಿದ್ದ ಮಾತು. ಹೊಟ್ಟೆಯೇ ರೋಗದ ಮನೆ, ಪಥ್ಯವೇ ಔಷಧಿಗಳಲ್ಲಿ ಮೊದಲನೆಯದು ಎಂಬ ಅರ್ಥದ್ದು. ಬಹಳ ಮಂದಿ ಅದನ್ನು ಪ್ರವಾದಿಯವರ(ಸ) ಮಾತೆಂದೇ ನಂಬಿದ್ದಾರೆ. ಅದು ಅವರ ಮಾತಲ್ಲ, ಹಾರಿಸ್ ಇಬ್ನ್ ಕಲದಾ ಎಂಬ ಅರಬ್ ವೈದ್ಯನ ಮಾತು ಎಂದು ಇಮಾಮ್ ಇಬ್ನುಲ್ ಕಯ್ಯಿಮ್(ರಹ್) ಹದಿನಾಲ್ಕನೇ ಶತಮಾನದಲ್ಲೇ ಬರೆದಿಟ್ಟಿದ್ದಾರೆ. ಆ ಕಿತಾಬು ನನ್ನ ಕಪಾಟಿನಲ್ಲಿಯೇ ಇದೆ. ತೆಗೆದು ನೋಡಲು ಐದು ನಿಮಿಷ ಸಾಕಿತ್ತು. ಸುದ್ದಿ ಬಂದಾಗ ವಿಚಾರಿಸಿ ನೋಡಿ ಎಂದು ಸೂರಃ ಹುಜುರಾತ್‌ನಲ್ಲಿ ಅಲ್ಲಾಹನು ಆದೇಶಿಸಿರುವುದನ್ನು ನಿಮಗೆಲ್ಲ ಎಷ್ಟು ಸಲ ಹೇಳಿದ್ದೇನೋ ನನಗೇ ಲೆಕ್ಕವಿಲ್ಲ.

ಆ ಸಂದೇಶ ಪೂರ್ತಿ ಸುಳ್ಳಾಗಿದ್ದರೆ ಯಾರೂ ನಂಬುತ್ತಿರಲಿಲ್ಲ. ಅದರಲ್ಲಿ ಅರ್ಧ ನಿಜವಿತ್ತು. ಅದೇ ಅಪಾಯ. ಯಾವುದು ನಿಜದ ಅರ್ಧ ಎಂದು ತಿಳಿದುಕೊಳ್ಳಬೇಕು ಅನ್ನಿಸಿತು. ನಾನು ಮದರಸಾದಲ್ಲಿ ಓದಿದವನು, ಆಮೇಲೆ ಬಿ.ಎ. ಮಾಡಿದವನು, ವಿಜ್ಞಾನ ನನಗೆ ಎಸ್ಸೆಸ್ಸೆಲ್ಸಿಗೇ ಮುಗಿದಿತ್ತು. ಪರಿಚಯದ ಡಾಕ್ಟರ್ ಒಬ್ಬರ ಬಳಿ ಕೆಲವು ಸಂಜೆ ಕೂತು ಕೇಳಿದೆ, ಓದಿದೆ. ಬರೆದದ್ದನ್ನು ಅವರಿಗೆ ತೋರಿಸಿದ ಮೇಲೆಯೇ ಇಲ್ಲಿ ಹೇಳುತ್ತಿದ್ದೇನೆ.

ನಮ್ಮ ಸಣ್ಣ ಕರುಳು ಸುಮಾರು 6 ಮೀಟರ್ ಉದ್ದ, ದೊಡ್ಡ ಕರುಳು ಒಂದೂವರೆ ಮೀಟರ್. ಇದರ ಒಳಮೈಯಲ್ಲಿ ಒಂದೇ ಒಂದು ಸಾಲು ಜೀವಕೋಶಗಳಿವೆ, ಅದರ ಮೇಲೆ ಲೋಳೆಯ ಹೊದಿಕೆ. ಆಚೆ ಕಡೆ ನಾವು ತಿಂದದ್ದೆಲ್ಲ, ಈಚೆ ಕಡೆ ನಮ್ಮ ರಕ್ತ. ಬಂಡೀಪುರದ ಚೆಕ್‌ಪೋಸ್ಟ್ ನೀವೆಲ್ಲ ನೋಡಿದ್ದೀರಿ. ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ಗೇಟು ಹಾಕುತ್ತಾರೆ, ಬಿಡಬೇಕಾದ ಕೆಲವನ್ನು ಮಾತ್ರ ಬಿಡುತ್ತಾರೆ. ಕರುಳಿನ ಒಳಮೈಯೂ ಹಾಗೆಯೇ. ಅನ್ನದ ಸತ್ವ ಒಳಗೆ ಬರಬೇಕು, ರೋಗಾಣು ಮತ್ತು ಅದರ ವಿಷ ಆಚೆಯೇ ನಿಲ್ಲಬೇಕು. ದೇಹದ ರಕ್ಷಣಾ ಕೋಶಗಳಲ್ಲಿ ಅನೇಕವು ಈ ಗೋಡೆಯ ಪಕ್ಕದಲ್ಲೇ ಕಾವಲು ಕೂತಿವೆಯಂತೆ.

ಆಚೆ ಕಡೆ ಇರುವ ಬ್ಯಾಕ್ಟೀರಿಯಾಗಳೆಲ್ಲ ಶತ್ರುಗಳಲ್ಲ. ಒಬ್ಬ ಮನುಷ್ಯನ ದೇಹದಲ್ಲಿ ಎಷ್ಟು ಜೀವಕೋಶಗಳಿವೆಯೋ ಹೆಚ್ಚುಕಡಿಮೆ ಅಷ್ಟೇ ಬ್ಯಾಕ್ಟೀರಿಯಾಗಳೂ ಅವನೊಳಗಿವೆ ಎಂದು 2016ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದರು. ಅವುಗಳಲ್ಲಿ ಹೆಚ್ಚಿನವು ದೊಡ್ಡ ಕರುಳಿನಲ್ಲಿವೆ. ನಾವು ತಿನ್ನುವ ಸೊಪ್ಪು, ಕಾಳು, ರಾಗಿಯಲ್ಲಿರುವ ನಾರನ್ನು ನಮ್ಮ ಹೊಟ್ಟೆ ಜೀರ್ಣಿಸಲಾರದು. ಅದು ಹಾಗೇ ಕೆಳಗಿಳಿದು ಇವುಗಳಿಗೆ ಊಟವಾಗುತ್ತದೆ. ಅದನ್ನು ಹುದುಗಿಸಿ ಅವು ಬ್ಯುಟಿರೇಟ್ ಎಂಬ ಒಂದು ಆಮ್ಲ ತಯಾರಿಸುತ್ತವೆ. ದೊಡ್ಡ ಕರುಳಿನ ಗೋಡೆಯ ಕೋಶಗಳಿಗೆ ಅದೇ ಮುಖ್ಯ ಆಹಾರ. ಅಂದರೆ ನಾವು ನಾರು ತಿಂದರೆ ಅವಕ್ಕೆ ಊಟ, ಅವು ಉಂಡರೆ ನಮ್ಮ ಕಾವಲುಗಾರರಿಗೆ ಊಟ. ನಾರು ಸಿಗದೇ ಹೋದಾಗ ಕೆಲವು ಬ್ಯಾಕ್ಟೀರಿಯಾಗಳು ಗೋಡೆಯ ಮೇಲಿನ ಲೋಳೆಯನ್ನೇ ತಿನ್ನಲು ಶುರುಮಾಡುವುದು ಇಲಿಗಳ ಮೇಲಿನ ಅಧ್ಯಯನದಲ್ಲಿ ಕಂಡಿದೆ. ಸುಬ್‌ಹಾನಲ್ಲಾಹ್, ಈ ವ್ಯವಸ್ಥೆಯನ್ನು ಮಾಡಿಟ್ಟವನನ್ನು ನೆನೆಯದೆ ಇರಲು ಸಾಧ್ಯವೇ?

ಉರಿಯೂತ ಅಂದರೇನು? ಕಾಲಿಗೆ ಮುಳ್ಳು ಚುಚ್ಚಿದರೆ ಕೆಂಪಾಗುತ್ತದೆ, ಬಿಸಿಯಾಗುತ್ತದೆ, ಊದುತ್ತದೆ. ಅದು ರೋಗವಲ್ಲ, ದೇಹದ ಸೈನ್ಯ ಬಂದು ಕೆಲಸ ಮಾಡುತ್ತಿರುವುದರ ಗುರುತು. ಕೆಲಸ ಮುಗಿದ ಮೇಲೆ ಅದು ಹಿಂದಿರುಗಬೇಕು. ಹಿಂದಿರುಗದೆ, ಹೊರಗೆ ಏನೂ ಕಾಣದೆ, ಬೂದಿ ಮುಚ್ಚಿದ ಕೆಂಡದ ಹಾಗೆ ಒಳಗೊಳಗೇ ವರ್ಷಗಟ್ಟಲೆ ಉಳಿದರೆ ಅದು ರಕ್ತನಾಳಕ್ಕೆ ಕೆಡುಕು, ಯಕೃತ್ತಿಗೆ ಕೆಡುಕು, ಇನ್ಸುಲಿನ್ ತನ್ನ ಕೆಲಸ ಮಾಡಲು ತೊಡಕು. ಕರುಳಿನ ಗೋಡೆ ಸಡಿಲವಾದಾಗ ಬ್ಯಾಕ್ಟೀರಿಯಾದ ಹೊರಪದರದ ಚೂರುಗಳು ರಕ್ತಕ್ಕೆ ನುಸುಳಿ ಈ ಕೆಂಡವನ್ನು ಊದುತ್ತವೆ ಎಂದು ಇಲಿಗಳಲ್ಲಿ ಚೆನ್ನಾಗಿ ತೋರಿಸಿದ್ದಾರೆ. ಮನುಷ್ಯರಲ್ಲೂ ಇದರ ಸುಳಿವುಗಳಿವೆ. ಇಷ್ಟು ನಿಜ.

ಆದರೆ ಇಲ್ಲಿಂದ ಮುಂದಕ್ಕೆ ಆ ಸಂದೇಶ ಜಿಗಿದ ಜಿಗಿತ ನಿಜವಲ್ಲ. ಸಕ್ಕರೆ ಕಾಯಿಲೆ ಬರಲು ಕರುಳೊಂದೇ ಕಾರಣವಲ್ಲ. ವಂಶದಿಂದ ಬರುತ್ತದೆ, ಹೊಟ್ಟೆಯ ಸುತ್ತ ಬೊಜ್ಜಿನಿಂದ ಬರುತ್ತದೆ, ಕೂತೇ ಇರುವುದರಿಂದ ಬರುತ್ತದೆ. ಬೀಡಿ-ಸಿಗರೇಟೂ ಅದಕ್ಕೆ ದಾರಿ ಮಾಡುತ್ತದೆ, ನಿದ್ದೆಗೇಡೂ ಮಾಡುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಸಮೀಕ್ಷೆ 2023ರಲ್ಲಿ ಪ್ರಕಟವಾಯಿತು. ದೇಶದಲ್ಲಿ 10 ಕೋಟಿ 10 ಲಕ್ಷ ಜನರಿಗೆ ಸಕ್ಕರೆ ಕಾಯಿಲೆ ಇದೆ, ಇನ್ನೂ 13 ಕೋಟಿ 60 ಲಕ್ಷ ಜನ ಅದರ ಹೊಸ್ತಿಲಲ್ಲಿದ್ದಾರೆ ಎಂಬ ಅಂದಾಜು ಅದರದ್ದು. ಅಷ್ಟು ಜನರ ಕರುಳನ್ನು ಒಂದು ಪುಡಿ ತೊಳೆದು ವಾಸಿ ಮಾಡುವಂತಿದ್ದರೆ ಸರಕಾರವೇ ಹಂಚುತ್ತಿತ್ತು. ಮೇಲಾಗಿ ಕರುಳಿನಲ್ಲಿ ವರ್ಷಗಳ ಕೊಳೆ ಕೂತಿರುವುದೂ ಇಲ್ಲ. ಒಳಮೈಯ ಕೋಶಗಳು ಕೆಲವೇ ದಿನಗಳಲ್ಲಿ ಉದುರಿ ಹೊಸದು ಬರುತ್ತಿರುತ್ತವೆ. ಭೇದಿಯ ಪುಡಿಯಿಂದ ಹೋಗುವುದು ನೀರು ಮತ್ತು ಲವಣ. ವಯಸ್ಸಾದವರಿಗೆ, ಕಿಡ್ನಿ ಬಲಹೀನ ಇರುವವರಿಗೆ ಅದು ಬಹಳ ಅಪಾಯ. ಕರುಳಿಗೆ ಬೇಕಾದದ್ದು ತೊಳೆಯುವುದಲ್ಲ, ಉಣಿಸುವುದು.

ಉಣಿಸಲು ನಾವೇನು ದೂರ ಹೋಗಬೇಕಾಗಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರದ ಕೋಷ್ಟಕದಲ್ಲಿ 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು ಇದೆ. ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ದೊಡ್ಡವರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು, 400 ಗ್ರಾಂ ತರಕಾರಿ-ಹಣ್ಣು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನನ್ನ ಅಜ್ಜಿಯ ಕಾಲದ ಮುದ್ದೆ, ಹುರುಳಿ ಸಾರು, ಬೆರಕೆ ಸೊಪ್ಪಿನ ಬಸ್ಸಾರು, ಅವರೆಕಾಳು ಇವುಗಳಲ್ಲಿ ಅದು ತಾನಾಗಿಯೇ ಸಿಗುತ್ತಿತ್ತು. ನಮ್ಮ ಮನೆಗಳಲ್ಲಿ ಮುದ್ದೆಯನ್ನು ಬಡತನದ ಊಟವೆಂದು ಬಿಟ್ಟುಬಿಟ್ಟೆವು. ನೆಂಟರು ಬಂದಾಗ ಮುದ್ದೆ ಇಡಲು ನಮ್ಮ ಹೆಣ್ಣುಮಕ್ಕಳು ನಾಚುತ್ತಾರೆ. ಮೈಸೂರಿನಿಂದ ಕೇರಳಕ್ಕೆ ಹೋಗುವ ಹೆದ್ದಾರಿ ಗುಂಡ್ಲುಪೇಟೆಯ ಮೂಲಕವೇ ಹೋಗುತ್ತದೆ, ಅದರ ಜೊತೆ ಮೈದಾ ಪರೋಟವೂ ಬಂತು. ವಾರಕ್ಕೊಮ್ಮೆ ತಿಂದರೆ ನಾನೇನೂ ಹೇಳುವುದಿಲ್ಲ. ರಾತ್ರಿ ಊಟವೆಂದರೆ ಪರೋಟ ಪಾರ್ಸಲ್ ಎಂದಾಗಿರುವ ಮನೆಗಳಿವೆ, ಅವರಿಗೆ ಹೇಳುತ್ತಿದ್ದೇನೆ.

ಹಝ್ರತ್ ಸಹ್ಲ್ ಇಬ್ನ್ ಸಅದ್(ರ) ಅವರನ್ನು, ಪ್ರವಾದಿಯವರ(ಸ) ಕಾಲದಲ್ಲಿ ನಿಮ್ಮ ಬಳಿ ಜರಡಿ ಇತ್ತೇ ಎಂದು ಕೇಳಿದರಂತೆ. ಇರಲಿಲ್ಲ ಎಂದರು. ಜರಡಿ ಹಿಡಿಯದ ಜವೆಗೋಧಿಯನ್ನು ಹೇಗೆ ತಿನ್ನುತ್ತಿದ್ದಿರಿ ಎಂದು ಕೇಳಿದಾಗ, ಬೀಸಿ, ಬಾಯಿಂದ ಊದಿ, ಹಾರುವುದು ಹಾರಿಹೋದ ಮೇಲೆ ಉಳಿದದ್ದನ್ನು ಕಲಸಿಕೊಳ್ಳುತ್ತಿದ್ದೆವು ಎಂಬುದಾಗಿ ತಿಳಿಸಿದರು. ಬುಖಾರಿಯಲ್ಲಿದೆ. ಈ ಹದೀಸಿಗೆ ವಿಜ್ಞಾನದ ಬಾಲ ಕಟ್ಟುವುದು ನನ್ನ ಉದ್ದೇಶವಲ್ಲ, ಅವರು ನಾರಿನಂಶದ ಪಾಠ ಹೇಳಲಿಲ್ಲ. ಆ ಮನೆಯ ಊಟ ಹೇಗಿತ್ತೆಂದು ಹೇಳಿದರು, ಅಷ್ಟೆ. ಆದರೆ ಜರಡಿ ಹಿಡಿದು ಹಿಡಿದು ಬೆಳ್ಳಗೆ ಮಾಡಿದ ಹಿಟ್ಟನ್ನು ತಿಂದು ಆಮೇಲೆ ಸುನ್ನತ್ ಹೆಸರಿನಲ್ಲಿ ಪುಡಿ ಕೊಳ್ಳುವವರು ಇದನ್ನೊಮ್ಮೆ ಯೋಚಿಸಬೇಕು.

ಒಂದು ಎಚ್ಚರಿಕೆ. ಇವತ್ತೇ ಮನೆಗೆ ಹೋಗಿ ಮೂರು ಹೊತ್ತೂ ಕಾಳು-ಸೊಪ್ಪು ಎಂದು ಶುರುಮಾಡಬೇಡಿ, ಹೊಟ್ಟೆ ಉಬ್ಬರಿಸಿ ನನ್ನನ್ನೇ ಬೈಯುತ್ತೀರಿ. ನಾಲ್ಕೈದು ವಾರ ತೆಗೆದುಕೊಂಡು ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ, ನೀರು ಕುಡಿಯಿರಿ. ಶುಗರ್ ಇರುವವರು ಮುದ್ದೆಯ ಅಳತೆಯನ್ನೂ ನೋಡಿಕೊಳ್ಳಬೇಕು, ರಾಗಿಯಲ್ಲೂ ಪಿಷ್ಟವಿದೆ. ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳಿಯೇ ಬದಲಾಯಿಸಿ.

ಮಜ್ಜಿಗೆಯ ಬಗ್ಗೆ ಕೇಳಿದವರಿದ್ದಾರೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 36 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ನಾರು ಹೆಚ್ಚಿರುವ ಊಟ, ಇನ್ನೊಂದಕ್ಕೆ ಮೊಸರಿನಂಥ ಹುದುಗಿಸಿದ ಊಟ ಹತ್ತು ವಾರ ಕೊಟ್ಟು ನೋಡಿದರು. 2021ರಲ್ಲಿ ಪ್ರಕಟವಾಯಿತು. ಹುದುಗಿಸಿದ್ದನ್ನು ತಿಂದವರ ರಕ್ತದಲ್ಲಿ ಉರಿಯೂತ ತೋರಿಸುವ 19 ಬಗೆಯ ಪ್ರೋಟೀನುಗಳು ಇಳಿದಿದ್ದವು. ನಾರಿನ ಗುಂಪಿನಲ್ಲಿ ಎಲ್ಲರಿಗೂ ಒಂದೇ ಥರ ಆಗಲಿಲ್ಲ. 36 ಜನರೆಂದರೆ ನಮ್ಮ ಫಜ್ರ್ ಜಮಾಅತಿನಷ್ಟು. ಅದರ ಮೇಲೆ ದೊಡ್ಡ ತೀರ್ಪು ಕೊಡಲಾಗದು. ಆದರೂ ಮನೆಯ ಮಜ್ಜಿಗೆಗೆ ಖರ್ಚಿಲ್ಲ, ಕೆಡುಕೂ ಇಲ್ಲ, ಉಪ್ಪು ಮಾತ್ರ ಕಡಿಮೆ ಹಾಕಿ. ಇಡ್ಲಿಯೂ ಹುದುಗಿಸಿದ್ದೇ ಅಲ್ಲವೇ ಎಂದು ಒಬ್ಬ ಹುಡುಗ ಕೇಳಿದ. ಹೌದು, ಆದರೆ ಆವಿಯಲ್ಲಿ ಬೆಂದಾಗ ಅದರೊಳಗಿನ ಜೀವಾಣುಗಳು ಸಾಯುತ್ತವೆ. ಮಜ್ಜಿಗೆಯಲ್ಲಿ ಜೀವಂತ ಇರುತ್ತವೆ.

ಇನ್ನು ಅರಿಶಿನ. ನಮ್ಮದು ಅರಿಶಿನದ ಜಿಲ್ಲೆ. ಬೇಯಿಸಿ ಒಣಗಿಸುವ ಕಾಲದಲ್ಲಿ ಗಾಳಿಯಲ್ಲೇ ಅದರ ವಾಸನೆ. ಉರಿಯೂತಕ್ಕೆ ಅರಿಶಿನವೇ ಮದ್ದು ಎಂಬ ಸಂದೇಶವೂ ನಿಮಗೆ ಬಂದಿರುತ್ತದೆ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಎಂಬ ಅಂಶಕ್ಕೆ ಪ್ರಯೋಗಾಲಯದಲ್ಲಿ ಉರಿಯೂತ ತಗ್ಗಿಸುವ ಗುಣ ಕಂಡಿದೆ. ಆದರೆ ತಿಂದದ್ದರಲ್ಲಿ ರಕ್ತ ಸೇರುವುದು ಬಹಳ ಕಡಿಮೆ. ಸಾರಿಗೆ ಹಾಕುವ ಚಿಟಿಕೆ ಅರಿಶಿನ ಹಾಕುತ್ತಿರಿ. ಅದೇ ಅಂಶವನ್ನು ಗಟ್ಟಿಮಾಡಿ ಮಾರುವ ಕ್ಯಾಪ್ಸೂಲುಗಳಿಂದ ಕೆಲವರಿಗೆ ಯಕೃತ್ತಿಗೆ ಪೆಟ್ಟಾಗಿದೆ. ರಕ್ತ ತೆಳುಮಾಡುವ ಗುಳಿಗೆ ತೆಗೆದುಕೊಳ್ಳುವವರು ಡಾಕ್ಟರಿಗೆ ಹೇಳದೆ ಅದನ್ನು ಮುಟ್ಟಬಾರದು. ಮತ್ತೆ, ಹಳದಿ ಥಳಥಳ ಹೊಳೆಯಲಿ ಎಂದು ಅರಿಶಿನಕ್ಕೆ ಸೀಸವಿರುವ ಬಣ್ಣ ಬೆರೆಸುತ್ತಿದ್ದುದು ಬಾಂಗ್ಲಾದೇಶದಲ್ಲಿ 2019ರಲ್ಲಿ ಬಯಲಾಯಿತು. ಸೀಸ ಮಕ್ಕಳ ಮೆದುಳಿಗೆ ವಿಷ. ನಮ್ಮಲ್ಲಿ ಬೆಳೆಯುವವರೂ ಮಾರುವವರೂ ಇದ್ದಾರೆ. ಒದ್ದೆಯಾದುದನ್ನು ಒಳಗೆ ಮರೆಮಾಡಿ ಮಾರುತ್ತಿದ್ದ ಧಾನ್ಯದ ರಾಶಿಗೆ ಪ್ರವಾದಿಯವರು(ಸ) ಕೈ ಹಾಕಿ ಒಳಗಿನ ತೇವ ತೋರಿಸಿದ ಘಟನೆ ನಿಮಗೆ ಗೊತ್ತಿರುವುದೇ.

ಹೊಲದ ಕೂಲಿಗೆ ಹೋಗುವ ನಮ್ಮ ಅಕ್ಕ-ತಂಗಿಯರಿಗೆ ಈ ಮಾತು ತಲುಪಿಸಿ. ಸೊಂಟ ನೋವು, ಕೈ ನೋವು ಎಂದು ಮೆಡಿಕಲ್‌ನಲ್ಲಿ ನೋವಿನ ಗುಳಿಗೆ ಕೇಳಿ ಖಾಲಿ ಹೊಟ್ಟೆಯಲ್ಲಿ ನುಂಗಿ ಈರುಳ್ಳಿ ಕೀಳಲು ಹೋಗುತ್ತಾರೆ. ತಿಂಗಳುಗಟ್ಟಲೆ ಹಾಗೆ ನುಂಗಿದರೆ ಹೊಟ್ಟೆಯ ಒಳಗೋಡೆ ಹುಣ್ಣಾಗಿ ರಕ್ತ ಸೋರುತ್ತದೆ, ಕಿಡ್ನಿಗೂ ಪೆಟ್ಟು. ಎದೆಯುರಿ ಬಂದರೆ ಗ್ಯಾಸ್ ಎಂದು ಇನ್ನೊಂದು ಗುಳಿಗೆ. ಹೊಟ್ಟೆ ಹುಣ್ಣು ಖಾರದಿಂದ, ಚಿಂತೆಯಿಂದ ಬರುತ್ತದೆ ಎಂದೇ ಎಲ್ಲರೂ ಅಂದುಕೊಂಡಿದ್ದ ಕಾಲದಲ್ಲಿ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಎಂಬ ಡಾಕ್ಟರ್ ಅದಕ್ಕೊಂದು ಬ್ಯಾಕ್ಟೀರಿಯಾ ಕಾರಣ ಎಂದರು. ಯಾರೂ ನಂಬದಿದ್ದಾಗ 1984ರಲ್ಲಿ ಆ ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು ತಾವೇ ಕುಡಿದರು, ಹೊಟ್ಟೆಯ ಉರಿಯೂತ ಬಂತು. 2005ರಲ್ಲಿ ಅವರಿಗೂ ಅವರ ಜೊತೆಗಾರ ರಾಬಿನ್ ವಾರೆನ್‌ರಿಗೂ ನೊಬೆಲ್ ಸಿಕ್ಕಿತು. ಈಗ ಆ ಹುಣ್ಣನ್ನು ಪರೀಕ್ಷೆ ಮಾಡಿ, ಎರಡು ವಾರದ ಸರಿಯಾದ ಔಷಧಿಯಿಂದ ಬೇರುಸಹಿತ ವಾಸಿ ಮಾಡುತ್ತಾರೆ. ನಾವು ಹತ್ತು ವರ್ಷ ಗ್ಯಾಸಿನ ಗುಳಿಗೆ ಚೀಪುತ್ತಾ ಕೂರುತ್ತೇವೆ.

ಭೇದಿಯಾದ ಕೂಡಲೇ ಆಂಟಿಬಯೋಟಿಕ್ ಕೇಳಿ ತರುವುದೂ ಅಂಥದ್ದೇ. ನಾನೂ ತಂದಿದ್ದೇನೆ. ಎರಡು ಗುಳಿಗೆ ನುಂಗಿ, ನಿಂತಿತು ಎಂದು ಉಳಿದದ್ದನ್ನು ಕಪಾಟಿನಲ್ಲಿಟ್ಟು, ಆಮೇಲೆ ಮಗನಿಗೆ ಕೊಟ್ಟಿದ್ದೂ ಇದೆ. ಅಲ್ಲಾಹನು ಕ್ಷಮಿಸಲಿ. ಆ ಗುಳಿಗೆ ರೋಗಾಣುವನ್ನು ಮಾತ್ರ ಹುಡುಕಿ ಕೊಲ್ಲುವುದಿಲ್ಲ, ಆಗ ಹೇಳಿದ ಉಪಕಾರಿ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ. ಅವು ಮತ್ತೆ ಮೊದಲಿನಂತಾಗಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು. ಸಾಮಾನ್ಯ ಭೇದಿಗೆ ಮೊದಲು ಬೇಕಾದದ್ದು ಓಆರ್‌ಎಸ್. 1971ರ ಯುದ್ಧಕಾಲದಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಬಂದಾಗ ಡಾಕ್ಟರ್ ದಿಲೀಪ್ ಮಹಲನಬೀಸ್ ಉಪ್ಪು-ಸಕ್ಕರೆಯ ಈ ನೀರನ್ನೇ ಕುಡಿಸಿ ಸಾವಿರಾರು ಜೀವ ಉಳಿಸಿದರು. ಭೇದಿಯಾಗುತ್ತಿರುವಾಗಲೂ ಸಕ್ಕರೆಯ ಜೊತೆ ಉಪ್ಪು ಹೋದರೆ ಕರುಳು ಎರಡನ್ನೂ ಒಟ್ಟಿಗೆ ಹೀರಿಕೊಳ್ಳುತ್ತದೆ, ಅದರ ಹಿಂದೆ ನೀರೂ ಬರುತ್ತದೆ. ಪೊಟ್ಟಣದ ಮೇಲೆ ಬರೆದ ಅಳತೆಯಲ್ಲೇ ಕಲಸಿ.

ನೀರಿನ ವಿಷಯದಲ್ಲಿ ಬೇರೆಲ್ಲೋ ನೋಡಬೇಕಾಗಿಲ್ಲ. 2024ರ ಮೇ ತಿಂಗಳಲ್ಲಿ ಮೈಸೂರು ತಾಲ್ಲೂಕಿನ ಕೆ. ಸಾಲುಂಡಿಯಲ್ಲಿ ಕಲುಷಿತ ನೀರು ಕುಡಿದು ಹತ್ತಾರು ಜನ ಆಸ್ಪತ್ರೆ ಸೇರಿದರು, ಒಬ್ಬ ಯುವಕ ತೀರಿಕೊಂಡ. ನೀರಿನ ಮೂಲದಲ್ಲಿ, ದಾರಿಯಲ್ಲಿ, ನೆರಳಿನಲ್ಲಿ ಶೌಚ ಮಾಡುವುದನ್ನು ಶಾಪಕ್ಕೆ ಗುರಿಯಾಗುವ ಕೆಲಸವೆಂದು ಪ್ರವಾದಿಯವರು(ಸ) ತಡೆದಿದ್ದಾರೆ. ಮಗುವಿಗೆ ಮತ್ತೆ ಮತ್ತೆ ಭೇದಿಯಾಗುತ್ತಿದ್ದರೆ ಕರುಳಿನ ಒಳಮೈ ಸವೆದು, ಎಷ್ಟು ಉಣಿಸಿದರೂ ಮೈಗೆ ಹತ್ತುವುದಿಲ್ಲ, ಬೆಳವಣಿಗೆ ಕುಂಠಿತವಾಗುತ್ತದೆ. ಮಳೆಗಾಲದಲ್ಲಿ ನೀರು ಕುದಿಸಿ. ಮಸೀದಿಯ ಟ್ಯಾಂಕನ್ನು ಮೂರು ತಿಂಗಳಿಗೊಮ್ಮೆ ತೊಳೆಸಬೇಕೆಂದು ಮುತವಲ್ಲಿ ಸಾಹೇಬರಿಗೆ ಹೇಳಿದ್ದೇನೆ, ಅವರು ಒಪ್ಪಿದ್ದಾರೆ. ಜುಮಾಕ್ಕೆ ಬಂದವರೆಲ್ಲ ಅದಕ್ಕೆ ಸಾಕ್ಷಿ.

ಕೊನೆಯದಾಗಿ, ನಾಚಿಕೆ. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿ ಎಂದು ತಾವೇ ತೀರ್ಮಾನಿಸಿ ಬಾಯಿ ಮುಚ್ಚಿಕೊಂಡಿರುವವರು ಗಂಡಸರಲ್ಲೂ ಇದ್ದಾರೆ, ಹೆಂಗಸರಲ್ಲಿ ಇನ್ನೂ ಹೆಚ್ಚು. ಹೆಚ್ಚಿನ ಸಲ ಅದು ಮೂಲವ್ಯಾಧಿಯೇ ಇರಬಹುದು. ಆದರೆ ಕರುಳಿನ ಕ್ಯಾನ್ಸರ್ ಆಗಿರಬಹುದು, ಅಲ್ಸರೇಟಿವ್ ಕೊಲೈಟಿಸ್ ಎಂಬ ಕರುಳಿನ ಉರಿಯೂತದ ಕಾಯಿಲೆಯೂ ಆಗಿರಬಹುದು. ನಮ್ಮ ದೇಶದಲ್ಲಿ ಇನ್ನೊಂದು ತೊಡಕಿದೆ. ಕರುಳಿಗೂ ಟಿ.ಬಿ. ಬರುತ್ತದೆ. ಕ್ರೋನ್ಸ್ ಎಂಬ ಉರಿಯೂತದ ಕಾಯಿಲೆಯೂ ಕರುಳಿನ ಟಿ.ಬಿ.ಯೂ ನೋಡಲು ಒಂದೇ ಥರ, ದೊಡ್ಡ ಡಾಕ್ಟರುಗಳೂ ತಡಕಾಡುತ್ತಾರೆ. ಒಂದಕ್ಕೆ ಕೊಡುವ ಔಷಧಿ ಇನ್ನೊಂದಿದ್ದವನಿಗೆ ಕೊಟ್ಟರೆ ಟಿ.ಬಿ. ಮೈಯೆಲ್ಲ ಹರಡುತ್ತದೆ. ಅಂಥದ್ದನ್ನು ಒಂದು ಪುಡಿ ತೀರ್ಮಾನಿಸುತ್ತದೆಯೇ? ರಕ್ತ, ಟಾರಿನಂತೆ ಕಪ್ಪು ಮಲ, ಕಾರಣವಿಲ್ಲದೆ ತೂಕ ಇಳಿಯುವುದು, ತಿಂಗಳಾದರೂ ನಿಲ್ಲದ ಭೇದಿ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಹೊಟ್ಟೆನೋವು, ಸಂಜೆ ಜ್ವರ, ಇವುಗಳಲ್ಲಿ ಒಂದಿದ್ದರೂ ಡಾಕ್ಟರ ಬಳಿ ಹೋಗಿ. ದೀನಿನ ವಿಷಯ ಕೇಳಲು ಲಜ್ಜೆ ತಮ್ಮನ್ನು ತಡೆಯಲು ಬಿಡದ ಅನ್ಸಾರಿ ಹೆಂಗಸರನ್ನು ಹಝ್ರತ್ ಆಯಿಶಾ(ರ) ಮೆಚ್ಚಿಕೊಂಡಿದ್ದರು. ನಿಮ್ಮ ಹೆಂಡತಿ, ತಾಯಿ ಈ ವಿಷಯ ಎತ್ತಿದಾಗ ಛೀ ಎನ್ನಬೇಡಿ. ಲೇಡಿ ಡಾಕ್ಟರೇ ಬೇಕೆಂದರೆ ಹುಡುಕಿ ಕರೆದುಕೊಂಡು ಹೋಗುವುದು ಗಂಡಸಿನ ಕೆಲಸ.

ಊಟದ ಅಳತೆಗೆ ಬೇರೆ ಹದೀಸ್ ಇದೆ, ಇದು ಪ್ರವಾದಿಯವರದ್ದೇ(ಸ), ತಿರ್ಮಿದಿಯಲ್ಲಿದೆ. ಬೆನ್ನು ನೆಟ್ಟಗಿರುವಷ್ಟು ಕೆಲವು ತುತ್ತು ಸಾಕು, ಅದು ಆಗದಿದ್ದರೆ ಹೊಟ್ಟೆಯ ಮೂರನೇ ಒಂದು ಭಾಗ ಊಟಕ್ಕೆ, ಒಂದು ನೀರಿಗೆ, ಒಂದು ಉಸಿರಿಗೆ ಎಂಬುದು ಅದರ ಆಶಯ. ವಲೀಮಾಗಳಲ್ಲಿ ನಮ್ಮ ಉಸಿರಿನ ಪಾಲನ್ನೂ ಬಿರಿಯಾನಿಯೇ ತೆಗೆದುಕೊಳ್ಳುತ್ತದೆ. ದಾಲ್ಚಾದ ಪಾತ್ರೆ ಮಾತ್ರ ತುಂಬಿದ್ದು ತುಂಬಿದ ಹಾಗೇ ಇರುತ್ತದೆ. ಬೇಳೆ, ಸೋರೆಕಾಯಿ, ಬದನೆಕಾಯಿ ಇರುವ ಆ ಪಾತ್ರೆಯೇ ಊಟದಲ್ಲಿ ಕರುಳಿಗೆ ಬೇಕಾದ ಭಾಗ.

ಎರಡು ಪ್ರಕಟಣೆ. ಜಮಾಅತಿನ ಗ್ರೂಪಿನಲ್ಲಿ ಇನ್ನು ಮುಂದೆ ಯಾವ ಔಷಧಿಯ ಸಂದೇಶವೂ ಬರುವುದಿಲ್ಲ, ನನ್ನಿಂದಲೂ. ಬಂದರೆ ತೆಗೆಯುವ ಜವಾಬ್ದಾರಿ ಇಬ್ಬರು ಯುವಕರಿಗೆ ಕೊಟ್ಟಿದ್ದೇವೆ. ಎರಡನೆಯದು, ಆ ಪುಡಿಯನ್ನು ಅಥವಾ ಅಂಥದ್ದೇ ಬೇರೇನನ್ನಾದರೂ ತೆಗೆದುಕೊಂಡು ಗುಳಿಗೆ ನಿಲ್ಲಿಸಿದವರು ನಿಮ್ಮಲ್ಲಿ ಇನ್ನೂ ಇರಬಹುದು. ನಾಳೆಯೇ ನಿಮ್ಮ ಹಳೆಯ ಚೀಟಿ ತೆಗೆದುಕೊಂಡು ಡಾಕ್ಟರ ಬಳಿ ಹೋಗಿ, ನಿಲ್ಲಿಸಿದ್ದೆ ಎಂದು ನಿಜ ಹೇಳಿ. ಒಬ್ಬರೇ ಹೋಗಲು ಸಂಕೋಚವಾದರೆ ನನಗೆ ತಿಳಿಸಿ, ನಾನೂ ಬರುತ್ತೇನೆ. ದುಡ್ಡಿನ ತೊಂದರೆ ಇದ್ದರೆ ಸರಕಾರಿ ಆಸ್ಪತ್ರೆಗಳಲ್ಲಿ ಶುಗರ್, ಬಿ.ಪಿ. ಗುಳಿಗೆ ಉಚಿತವಾಗಿ ಕೊಡುತ್ತಾರೆ.

ಚಾಚಾ ಇವತ್ತು ಬಂದಿದ್ದಾರೆ, ಹಿಂದೆ ಕುರ್ಚಿಯಲ್ಲಿ ಕೂತಿದ್ದಾರೆ. ಕಾಲಿಗೆ ಪಟ್ಟಿ ಇದೆ. ನಮಾಝ್ ಮುಗಿದು ಹೊರಗೆ ಹೋಗುವಾಗ ನೂಕಾಡದೆ ಅವರಿಗೆ ಮೊದಲು ದಾರಿ ಬಿಡಿ.